‘ಹಿಂದ ಯಾವಾಗರ ಗಡ್ಡಿ ತೆಗಸೀರೇನ್ರಿ?’: ಬಳ್ಳಾರಿ, ರಾಯಚೂರು, ಕೊಪ್ಪಳದ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ, ಬೆಂಗಳೂರು
ಹಾಗೂ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು

ಮಾನ್ಯರೇ,

ಒಂದು ಕೈ ಸೋತು, ಮಾತು ತೊದಲುತ್ತಾ ತಾಲ್ಲೂಕು ಆಸ್ಪತ್ರೆಗೆ ಬಂದವರನ್ನು ನೋಡಿದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಿಗೆ ಬರುವ ಮಾತು ಲಕ್ವಾ. ಬಹುಪಾಲು ಅದು ಸರಿಯೇ ಇರುತ್ತದೆ. ಆದರೆ ಅವರಲ್ಲಿ ಕೆಲವರಿಗೆ ಆಗಿರುವುದು ಬೇರೆ. ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ರಕ್ತದ ಜೊತೆ ಮೇಲೇರಿ ಮಿದುಳಿನಲ್ಲಿ ಬೇರುಬಿಟ್ಟಿರುತ್ತದೆ. ದೊಡ್ಡವರಲ್ಲಿ ಮಿದುಳಲ್ಲೇ ಹುಟ್ಟುವ ಗಡ್ಡೆಗಳಿಗಿಂತ ಹೀಗೆ ಬೇರೆಡೆಯಿಂದ ಬಂದು ಸೇರುವ ಗಡ್ಡೆಗಳೇ ಹೆಚ್ಚು. ಇವರನ್ನು ಲಕ್ವಾದವರಿಂದ ಬೇರ್ಪಡಿಸುವ ಮೊದಲ ಸಾಧನ ಯಂತ್ರವಲ್ಲ, ಒಂದು ಪ್ರಶ್ನೆ. ಅದನ್ನು ಒಪಿಡಿ ಚೀಟಿಯ ಮೇಲೂ ಸ್ಕ್ಯಾನಿಂಗ್ ಕೋರಿಕೆ ಪತ್ರದ ಮೇಲೂ ಅಚ್ಚು ಹಾಕಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

ಪ್ರಶ್ನೆಯ ಮಾತು ಮುಖ್ಯ. ‘ಕ್ಯಾನ್ಸರ್ ಇತ್ತಾ?’ ಎಂದು ಕೇಳಿದರೆ ‘ಇಲ್ರಿ’ ಎಂಬ ಉತ್ತರ ಬರುವುದೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಆ ಹೆಸರನ್ನು ರೋಗಿಯಿಂದ ಮುಚ್ಚಿಟ್ಟಿರುತ್ತಾರೆ. ಗಡ್ಡೆ ತೆಗೆದಾಯಿತು, ಇನ್ನೇನೂ ಇಲ್ಲ ಎಂದು ಹೇಳಿರುತ್ತಾರೆ. ಆದ್ದರಿಂದ ಹೀಗೆ ಕೇಳಬೇಕು: ‘ಹಿಂದ ಯಾವಾಗರ ಗಡ್ಡಿ ತೆಗಸೀರೇನ್ರಿ? ಕರೆಂಟ್ ಕೊಡಿಸೀರೇನು? ಕೂದಲು ಉದುರೋ ಸಲೈನ್ ಹಾಕಿದ್ರೇನು? ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಕಡೆ ದೊಡ್ಡ ದವಾಖಾನೆಗೆ ಹೋಗಿದ್ರೇನು?’ ರೇಡಿಯೇಷನ್ ಅಂದರೆ ಅರ್ಥವಾಗದವರಿಗೂ ‘ಕರೆಂಟ್’ ಅಂದರೆ ತಕ್ಷಣ ಗೊತ್ತಾಗುತ್ತದೆ. ಸಾಧ್ಯವಾದರೆ ರೋಗಿಯನ್ನೂ ಜೊತೆಗೆ ಬಂದವರನ್ನೂ ಬೇರೆಬೇರೆಯಾಗಿ ಕೇಳಬೇಕು. ಎದೆಯ ಮೇಲೆ, ಕುತ್ತಿಗೆಯಲ್ಲಿ ಹಳೆಯ ಹೊಲಿಗೆ ಗುರುತಿದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಎಲ್ಲ ಕ್ಯಾನ್ಸರೂ ಮಿದುಳಿಗೆ ಹೋಗುವುದಿಲ್ಲ. ನಮ್ಮ ಕಡೆ ಗುಟ್ಕಾ, ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರ್ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಅಲ್ಲಿಗೆ ತಲುಪುವುದು ಅಪರೂಪ. ಹೆಚ್ಚಾಗಿ ತಲುಪುವುದು ಶ್ವಾಸಕೋಶ, ಸ್ತನ, ಮೂತ್ರಪಿಂಡದ ಕ್ಯಾನ್ಸರ್ ಮತ್ತು ಚರ್ಮದ ಮೆಲನೋಮಾ. ಕರುಳಿನದು ಒಮ್ಮೊಮ್ಮೆ. ಸ್ತನ ಕ್ಯಾನ್ಸರಿನಲ್ಲಿ ಹರ್-2 ಎಂಬ ಪ್ರೋಟೀನ್ ಪಾಸಿಟಿವ್ ಇದ್ದವರಿಗೂ ಈಸ್ಟ್ರೊಜೆನ್, ಪ್ರೊಜೆಸ್ಟರಾನ್, ಹರ್-2 ಈ ಮೂರೂ ಗ್ರಾಹಕ ನೆಗೆಟಿವ್ ಇದ್ದವರಿಗೂ ಅಪಾಯ ಜಾಸ್ತಿ, ಅದೂ ಆಪರೇಷನ್ ಆಗಿ ವರ್ಷಗಳ ನಂತರ ಬರಬಹುದು. ಶ್ವಾಸಕೋಶದ ಕ್ಯಾನ್ಸರಿನ ಕಥೆ ಉಲ್ಟಾ: ಕೆಮ್ಮಿಗೂ ಮೊದಲು ಫಿಟ್ಸ್ ಬಂದೇ ಕಾಯಿಲೆ ಗೊತ್ತಾಗುವುದುಂಟು. ಹಾಗಾಗಿ ಪ್ರಶ್ನೆಗೆ ‘ಇಲ್ಲ’ ಎಂದವರನ್ನೂ ಪೂರ್ತಿ ಬಿಟ್ಟುಬಿಡುವಂತಿಲ್ಲ. ಬೀಡಿ ಸೇದುವ ಅಭ್ಯಾಸ, ಇತ್ತೀಚೆಗೆ ತೂಕ ಇಳಿದಿರುವುದು, 40 ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಬಂದ ಫಿಟ್ಸ್, ಇವೂ ಅನುಮಾನಕ್ಕೆ ಸಾಕು.

ಲಕ್ವಾ ನಿಮಿಷಗಳಲ್ಲಿ ಬರುತ್ತದೆ. ಗಡ್ಡೆಯಿಂದ ಬರುವ ಬಲಹೀನತೆ ಸಾಮಾನ್ಯವಾಗಿ ದಿನಗಳಲ್ಲಿ, ವಾರಗಳಲ್ಲಿ ಏರುತ್ತದೆ. ಮೊದಲು ಕೈಯಿಂದ ಚೊಂಬು ಜಾರುತ್ತದೆ, ಆಮೇಲೆ ಚಪ್ಪಲಿ ಕಾಲಿಂದ ಕಳಚುತ್ತದೆ, ವಾರ ಕಳೆದು ಕಾಲು ಎಳೆಯುತ್ತದೆ. ಬೆಳಗಿನ ಜಾವ ಹೆಚ್ಚಾಗುವ ತಲೆನೋವು, ಅದರ ಹಿಂದೆಯೇ ವಾಂತಿ. ಗಡ್ಡೆ ಹಿಂಬದಿಯ ಕಿರುಮಿದುಳಿನಲ್ಲಿದ್ದರೆ ನಡಿಗೆ ಕುಡಿದವರಂತೆ ತೂರಾಡುತ್ತದೆ. ವಾಂತಿಯೇ ಎದ್ದು ಕಾಣುವುದರಿಂದ ವಾರಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಾರೆ. ಮುಂಬದಿಯಲ್ಲಿದ್ದರೆ ಮನುಷ್ಯ ಮಂಕಾಗುತ್ತಾನೆ, ಸಿಟ್ಟಾಗುತ್ತಾನೆ, ಸಂಬಂಧವಿಲ್ಲದ ಮಾತಾಡುತ್ತಾನೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಕರೆದೊಯ್ಯುವುದು ಇಂಥವರನ್ನೇ. ಒಂದು ಎಚ್ಚರಿಕೆ: ಗಡ್ಡೆಯೊಳಗೆ ರಕ್ತ ಸೋರಿದರೆ ಲಕ್ಷಣ ಥೇಟ್ ಲಕ್ವಾದಂತೆ ದಿಢೀರನೆ ಬರುತ್ತದೆ. ಆಗ ಕಾಲದ ಲೆಕ್ಕ ಕೈಕೊಡುತ್ತದೆ, ಪ್ರಶ್ನೆಯೇ ಆಧಾರ.

ಇನ್ನು ಸ್ಕ್ಯಾನಿಂಗ್. ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದಿದೆ, ದಯವಿಟ್ಟು ಓದಿ.

ಲಕ್ವಾ ಎಂದು ಬರೆದ ಚೀಟಿ ಹೋದರೆ ಆಗುವುದು ಔಷಧ ಚುಚ್ಚದೆ ತೆಗೆಯುವ ಪ್ಲೇನ್ ಸಿ.ಟಿ. ರಕ್ತಸ್ರಾವ ಇದೆಯೇ ಎಂದು ನೋಡಲು ಅದು ಉತ್ತಮ. ಆದರೆ 5-8 ಮಿ.ಮೀ.ನ ಗಡ್ಡೆ ಅದರಲ್ಲಿ ಸುತ್ತಲಿನ ಮಿದುಳಿನ ಬಣ್ಣದಲ್ಲೇ ಕರಗಿಹೋಗುತ್ತದೆ. ಕಾರಣ ಸರಳ. ಮಿದುಳಿನ ರಕ್ತನಾಳಗಳ ಒಳಗೋಡೆಯ ಹೆಣಿಗೆ ಬಹಳ ಬಿಗಿ. ಚಿತ್ರದಲ್ಲಿ ಎದ್ದು ಕಾಣಲೆಂದು ನರಕ್ಕೆ ಚುಚ್ಚಿದ ಕಾಂಟ್ರಾಸ್ಟ್ ಔಷಧವನ್ನು ಅದು ಮಿದುಳಿಗೆ ಬಿಡುವುದಿಲ್ಲ. ಕ್ಯಾನ್ಸರ್ ಗಡ್ಡೆಯೊಳಗಿನ ನಾಳಗಳಿಗೆ ಆ ಬಿಗಿ ಇಲ್ಲ, ಸೋರುತ್ತವೆ. ಕಾಂಟ್ರಾಸ್ಟ್ ಅಲ್ಲಿ ಸೋರಿ ನಿಂತು ಬೆಳ್ಳಗೆ ಕಾಣುತ್ತದೆ. ಕಾಂಟ್ರಾಸ್ಟ್ ಕೊಡದಿದ್ದರೆ ಕಾಣುವುದು ಗಡ್ಡೆಯ ಸುತ್ತಲಿನ ಬಾವು ಮಾತ್ರ, ಅದೂ ಇದ್ದರೆ. ಆ ಕಪ್ಪು ಭಾಗವನ್ನೇ ‘ಇನ್‌ಫಾರ್ಕ್ಟ್’ (ರಕ್ತ ಸಿಗದೆ ಸತ್ತ ಭಾಗ) ಎಂದು ಬರೆದು ಆಸ್ಪಿರಿನ್ ಕೊಟ್ಟು ಕಳಿಸುವ ತಪ್ಪು ಆಗುವುದು ಇಲ್ಲಿ. ಎರಡನ್ನೂ ಬೇರ್ಪಡಿಸುವ ಗುರುತೊಂದಿದೆ: ಗಡ್ಡೆಯ ಬಾವು ಒಳಗಿನ ಬಿಳಿ ಭಾಗದಲ್ಲಷ್ಟೇ ಬೆರಳು ಚಾಚಿದಂತೆ ಹರಡುತ್ತದೆ, ಹೊರಗಿನ ಬೂದು ಪಟ್ಟಿಯನ್ನು ಬಿಡುತ್ತದೆ. ಲಕ್ವಾದಲ್ಲಿ ಒಂದು ರಕ್ತನಾಳದ ಸರಹದ್ದಿನೊಳಗೆ ಬೂದು, ಬಿಳಿ ಎರಡೂ ಕಪ್ಪಾಗುತ್ತವೆ.

ಆದ್ದರಿಂದ ಪ್ರಶ್ನೆಗೆ ‘ಹೌದು’ ಬಂದವರಿಗೆ ಪ್ಲೇನ್ ಸಿ.ಟಿ.ಯಲ್ಲಿ ಏನೂ ಇಲ್ಲ ಎಂದು ಬಂದರೂ ಅಲ್ಲಿಗೇ ಕಡತ ಮುಚ್ಚಬಾರದು. ಎಂ.ಆರ್.ಐ. ಆ ದಿನ ಸಿಗದಿದ್ದರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿ ಕಾಂಟ್ರಾಸ್ಟ್ ಸಿ.ಟಿ. ಮಾಡಬೇಕು: 60 ಕೆ.ಜಿ. ತೂಕದವರಿಗೆ ಮಿ.ಲೀ.ಗೆ 300 ಮಿ.ಗ್ರಾಂ. ಅಯೋಡಿನ್ ಸಾಂದ್ರತೆಯ ಔಷಧ 60ರಿಂದ 80 ಮಿ.ಲೀ., ಚುಚ್ಚಿದ ಮೇಲೆ ಸುಮಾರು 5 ನಿಮಿಷ ಕಾದು ಚಿತ್ರ. ಕಾಯದೆ ಕೂಡಲೇ ತೆಗೆದರೆ ಔಷಧ ರಕ್ತನಾಳದಲ್ಲೇ ಇರುತ್ತದೆ, ಗಡ್ಡೆಗೆ ಇಳಿದಿರುವುದಿಲ್ಲ. ಚಿತ್ರದ ಹೋಳು 5 ಮಿ.ಮೀ. ದಪ್ಪ ಇಟ್ಟರೆ 3 ಮಿ.ಮೀ. ಗಡ್ಡೆ ಎರಡು ಹೋಳುಗಳ ನಡುವೆ ಮಸುಕಾಗಿ ತಪ್ಪಿಸಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

ನಿರ್ಣಾಯಕ ಪರೀಕ್ಷೆ ಗ್ಯಾಡೋಲಿನಿಯಂ ಕೊಟ್ಟು ಮಾಡುವ ಎಂ.ಆರ್.ಐ. 1.5 ಟೆಸ್ಲಾ ಯಂತ್ರ ಇದಕ್ಕೆ ಸಾಕು. ಕಾಂಟ್ರಾಸ್ಟ್‌ಗೆ ಮುಂಚೆ ಟಿ1 ಎಂಬ ಬಗೆಯ ಚಿತ್ರ, ನೀರಿನ ಚಲನೆ ತೋರಿಸುವ ಡಿಫ್ಯೂಷನ್, ರಕ್ತದ ಕಲೆ ತೋರಿಸುವ ಎಸ್‌ಡಬ್ಲ್ಯುಐ, ಆಮೇಲೆ ಔಷಧ, ಕೊನೆಗೆ 1 ಮಿ.ಮೀ. ಹೋಳಿನ ತ್ರಿಆಯಾಮದ ಟಿ1. ಔಷಧ ಚುಚ್ಚಿದ ಮೇಲೆ 5 ನಿಮಿಷ ಕಾಯಲು ಪುರುಸೊತ್ತಿಲ್ಲ ಎಂಬ ದೂರಿಗೆ ಸುಲಭ ಪರಿಹಾರವಿದೆ: ಟಿ2 ಮತ್ತು ಫ್ಲೇರ್ ಎಂಬ ಬಗೆಯ ಚಿತ್ರಗಳನ್ನು ಆ 5 ನಿಮಿಷದಲ್ಲೇ ತೆಗೆಯಿರಿ. ಒಂದು ನಿಮಿಷವೂ ಹಾಳಾಗುವುದಿಲ್ಲ, ಮಿದುಳಿನ ಪೊರೆಗೆ ಹಬ್ಬಿದ ಕ್ಯಾನ್ಸರ್ ಫ್ಲೇರ್‌ನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ರಮಾಣ ಕೆ.ಜಿ.ಗೆ 0.1 ಮಿಲಿಮೋಲ್, ಅಂದರೆ ಅರ್ಧ ಮೋಲಾರ್ ಔಷಧವಾದರೆ ಕೆ.ಜಿ.ಗೆ 0.2 ಮಿ.ಲೀ. 10 ಮಿ.ಲೀ. ಬಾಟಲಿ 50 ಕೆ.ಜಿ.ಯವರಿಗೆ ಸರಿಹೋಗುತ್ತದೆ, 70 ಕೆ.ಜಿ.ಯವರಿಗೆ 14 ಮಿ.ಲೀ. ಬೇಕು. ಎಲ್ಲರಿಗೂ ಒಂದೇ ಬಾಟಲಿ ಎಂಬ ಲೆಕ್ಕದಲ್ಲಿ ಕೈಬಿಗಿ ಮಾಡಿದರೆ ಸಣ್ಣ ಗಡ್ಡೆಗಳು ಮಂಕಾಗುತ್ತವೆ. ಹಾಗಾಗಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ತೂಕದ ಯಂತ್ರ ಇರಲೇಬೇಕು. ಪೇಸ್‌ಮೇಕರ್, ತಲೆಯೊಳಗಿನ ಕ್ಲಿಪ್ ಬಗ್ಗೆ ಕೇಳುವಾಗಲೇ ಉಡದಾರ, ತಾಯಿತ, ಕಾಲುಂಗುರ ತೆಗೆಸಿ. ಯಂತ್ರದ ಮೇಲೆ ಮಲಗಿಸಿದ ಮೇಲೆ ಬಿಚ್ಚಲು ಹೊರಟರೆ ಸರದಿಯೇ ತಪ್ಪುತ್ತದೆ.

ಪೆಟ್ ಸ್ಕ್ಯಾನ್ ಆಗಿದೆ, ಎಂ.ಆರ್.ಐ. ಯಾಕೆ ಎಂದು ಕುಟುಂಬಗಳು ಕೇಳುತ್ತವೆ. ಸಕ್ಕರೆ ಹೀರುವ ಜಾಗಗಳನ್ನು ಬೆಳಗಿಸಿ ತೋರಿಸುವುದು ಪೆಟ್. ಮಿದುಳು ತಾನೇ ಸಕ್ಕರೆಯನ್ನು ಯಥೇಚ್ಛ ಹೀರುವ ಅಂಗ. ಆ ಬೆಳಕಿನಲ್ಲಿ ಗಡ್ಡೆಯ ಬೆಳಕು ಮುಳುಗಿಹೋಗುತ್ತದೆ. ಮಿದುಳಿನ ಮಟ್ಟಿಗೆ ಪೆಟ್ ಎಂ.ಆರ್.ಐ.ಗೆ ಬದಲಿಯಲ್ಲ.

ಚಿತ್ರದಲ್ಲಿ ಉಂಗುರ ಕಂಡಾಗ ನಮ್ಮ ನಾಡಿನಲ್ಲಿ ಎರಡನೇ ತೊಡಕು ಶುರು. ಅಂಚು ಬೆಳ್ಳಗೆ, ನಡುವೆ ಕಪ್ಪಾಗಿ ಕಾಣುವ ಈ ಉಂಗುರ ಕ್ಯಾನ್ಸರಿನದೂ ಇರಬಹುದು, ಕ್ಷಯದ ಗಂಟೂ ಇರಬಹುದು, ಲಾಡಿಹುಳುವಿನ ಮೊಟ್ಟೆಯಿಂದ ಬರುವ ಸಿಸ್ಟಿಸರ್ಕೋಸಿಸ್ ಕೂಡ ಇರಬಹುದು, ಕೀವಿನ ಗಡ್ಡೆಯೂ ಇರಬಹುದು, ಎಚ್‌ಐವಿ ಇದ್ದವರಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ಇರಬಹುದು. ಹುಳುವಿನ ಗಂಟು ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕದು, ಅಂಚು ತೆಳು, ಒಳಗೆ ತಲೆಯ ಚುಕ್ಕೆ. (ಮಾಂಸ ಮುಟ್ಟದವರಿಗೂ ಇದು ಬರುತ್ತದೆ, ಮೊಟ್ಟೆ ಬರುವುದು ತೊಳೆಯದ ಸೊಪ್ಪಿನಿಂದ, ಕೊಳೆ ನೀರಿನಿಂದ.) ಕೀವಾದರೆ ಡಿಫ್ಯೂಷನ್ ಚಿತ್ರದಲ್ಲಿ ಉಂಗುರದ ನಡುಭಾಗವೇ ಹೊಳೆಯುತ್ತದೆ. ಕ್ಷಯದ ಗಂಟುಗಳು ಒಂದಕ್ಕೊಂದು ಅಂಟಿ ಗೊಂಚಲಾಗುವುದುಂಟು, ಗಡ್ಡೆಯೊಳಗಿನ ರಾಸಾಯನಿಕ ಅಳೆಯುವ ಎಂ.ಆರ್. ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೊಬ್ಬಿನ ಶಿಖರ ಕಾಣುತ್ತದೆ. ಇವೆಲ್ಲ ಸುಳಿವುಗಳು, ಪುರಾವೆಗಳಲ್ಲ.

ಪುರಾವೆಯಿಲ್ಲದೆ ಕ್ಷಯದ ಮಾತ್ರೆ ಶುರುಮಾಡುವುದೇ ಈ ಭಾಗದಲ್ಲಿ ನಮಗೆ ಅತಿ ಹೆಚ್ಚು ಆತಂಕ ತರುವ ಸಂಗತಿ. ಎದೆಯ ಎಕ್ಸ್‌ರೇಯಲ್ಲಿ ನೆರಳು, ಕಫ ನೆಗೆಟಿವ್, ತಲೆಯಲ್ಲಿ ಉಂಗುರ ಎಂದು ಕಂಡರೆ ಟಿ.ಬಿ. ಎಂದು ಬರೆದುಬಿಡುವುದು ಸುಲಭ. ಮಿದುಳಿನ ಕ್ಷಯಕ್ಕೆ ಮಾತ್ರೆಯ ಜೊತೆ ಡೆಕ್ಸಾಮೆಥಸೋನ್ (ಡೆಕ್ಸಾ) ಎಂಬ ಸ್ಟಿರಾಯ್ಡ್ ಕೂಡ ಕೊಡುತ್ತಾರೆ. ಡೆಕ್ಸಾ ಯಾವ ಗಡ್ಡೆಯ ಬಾವನ್ನಾದರೂ ಇಳಿಸುತ್ತದೆ. ನಾಲ್ಕು ದಿನದಲ್ಲಿ ತಲೆನೋವು ಹೋಗುತ್ತದೆ, ಕೈ ಎತ್ತುತ್ತಾರೆ, ಊಟ ಸೇರುತ್ತದೆ. ಟಿ.ಬಿ. ಮಾತ್ರೆ ಹಿಡಿಯಿತು ಎಂದು ಎಲ್ಲರೂ ನಂಬುತ್ತಾರೆ. ಡೆಕ್ಸಾ ಇಳಿಸುತ್ತಾ ಬಂದಂತೆ ಎಲ್ಲವೂ ಮರಳಿ ಬರುತ್ತದೆ, ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಎರಡು ಮೂರು ತಿಂಗಳು ಸಿಕ್ಕಿರುತ್ತದೆ. ಆದ್ದರಿಂದ ಕಫವನ್ನು ಕ್ಷಯದ ರೋಗಾಣುವಿನ ಜೀನ್ ಹುಡುಕುವ ಟ್ರೂನಾಟ್ ಅಥವಾ ಸಿಬಿನಾಟ್‌ಗೆ ಕಳಿಸದೆ ಮಾತ್ರೆ ಬೇಡ. ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಸೂಜಿ ಹಾಕಿ, ತೆಗೆದದ್ದರಲ್ಲಿ ಅರ್ಧ ಸ್ಲೈಡಿಗೆ, ಅರ್ಧ ಟ್ರೂನಾಟ್‌ಗೆ. ಒಂದೇ ಚುಚ್ಚಿನಲ್ಲಿ ಎರಡೂ ಪ್ರಶ್ನೆಗೆ ಉತ್ತರ. ಎಚ್‌ಐವಿ ಪರೀಕ್ಷೆ ಎಲ್ಲರಿಗೂ. ಪುರಾವೆ ಸಿಗದೆ ಮಾತ್ರೆ ಕೊಡಲೇಬೇಕಾಗಿ ಬಂದರೆ ಅದೇ ದಿನ ಮರುಸ್ಕ್ಯಾನಿನ ತಾರೀಕನ್ನು, 4ರಿಂದ 6 ವಾರದೊಳಗೆ, ಚೀಟಿಯಲ್ಲಿ ಬರೆಯಿರಿ. ಕ್ಷಯದ ಗಂಟು ಚಿಕಿತ್ಸೆಯ ನಡುವೆ ಕೆಲಕಾಲ ದೊಡ್ಡದಾಗುವುದೂ ಇದೆ, ಹಾಗಾಗಿ ಬೆಳೆದದ್ದನ್ನು ನೋಡಿಯೇ ಕ್ಯಾನ್ಸರ್ ಎನ್ನಲೂ ಆಗದು. ಅಲ್ಲಿಗೆ ಬಯಾಪ್ಸಿಯ ಮಾತು ಎತ್ತಲೇಬೇಕು.

ಕ್ಯಾನ್ಸರ್ ಇದ್ದದ್ದು ಖಚಿತವಿದ್ದರೂ ತಲೆಯಲ್ಲಿ ಒಂದೇ ಗಡ್ಡೆ ಕಂಡರೆ ಅದು ಹಬ್ಬಿದ್ದೇ ಎಂದು ಕಣ್ಣುಮುಚ್ಚಿ ಹೇಳಲಾಗದು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹಾಗೆ ಭಾವಿಸಿದ್ದ 54 ಮಂದಿಯ ಅಂಗಾಂಶ ತೆಗೆದು ನೋಡಿದಾಗ 6 ಮಂದಿಯಲ್ಲಿ ಅದು ಬೇರೆಯೇ ಆಗಿತ್ತು. ಆಗಿನ ಸ್ಕ್ಯಾನ್‌ಗಳಿಗಿಂತ ಇಂದಿನವು ಚುರುಕು, ನಿಜ. ಆದರೆ ಕ್ಷಯ ಇಷ್ಟಿರುವ ನಮ್ಮ ಜಿಲ್ಲೆಗಳಲ್ಲಿ ಆ ಎಚ್ಚರ ಇನ್ನೂ ಹೆಚ್ಚು ಬೇಕು. ಮೂಲ ಕ್ಯಾನ್ಸರ್ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ತಲೆಗೆ ಕೈಹಾಕುವ ಮೊದಲು ಎದೆ, ಹೊಟ್ಟೆ, ಸೊಂಟದ ಕಾಂಟ್ರಾಸ್ಟ್ ಸಿ.ಟಿ., ಸ್ತನ ಪರೀಕ್ಷೆ, ಚರ್ಮದ ಪರೀಕ್ಷೆ. ಅಂಗಾಲನ್ನೂ ಉಗುರಿನ ಬುಡವನ್ನೂ ಮರೆಯದೆ ನೋಡಿ; ನಮ್ಮ ಜನರಲ್ಲಿ ಮೆಲನೋಮಾ ಅಲ್ಲೇ ಅಡಗಿರುವುದು ಹೆಚ್ಚು. ಸುಲಭವಾಗಿ ಕೈಗೆಟುಕುವ ಜಾಗದಿಂದ ಅಂಗಾಂಶ ತೆಗೆಯುವುದು ಕ್ರಮ.

ಇಲ್ಲೊಂದು ವಿಶೇಷ ಸಂದರ್ಭ. ಹೆರಿಗೆ, ಗರ್ಭಪಾತ ಅಥವಾ ಮುತ್ತುಗರ್ಭ (ಮೋಲಾರ್ ಗರ್ಭ) ಆದ ಕೆಲ ತಿಂಗಳಲ್ಲಿ ಹೆಣ್ಣುಮಗಳೊಬ್ಬಳು ಮಿದುಳಿನ ರಕ್ತಸ್ರಾವದೊಂದಿಗೆ ಬಂದರೆ ಮೊದಲು ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿ, ರಕ್ತದಲ್ಲಿ ಗರ್ಭದ ಹಾರ್ಮೋನ್ ಬೀಟಾ-ಎಚ್‌ಸಿಜಿ ಕಳಿಸಿ. ಗರ್ಭದ ಅಂಗಾಂಶದಿಂದ ಹುಟ್ಟುವ ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಮಿದುಳಿಗೆ ಹೋಗಿ ರಕ್ತ ಸುರಿಸುತ್ತದೆ. ಅದಕ್ಕೆ ಸೂಜಿ ಚುಚ್ಚುವುದೇ ಅಪಾಯ, ಆದರೆ ಕೀಮೋಗೆ ಅದರಷ್ಟು ಮಣಿಯುವ ಕ್ಯಾನ್ಸರ್ ಕಡಿಮೆ. ಮಿದುಳಿಗೆ ಹೋದಮೇಲೂ ಎಷ್ಟೋ ಜನ ಗುಣವಾಗುತ್ತಾರೆ. ಆ ಮೊದಲ ಮೂತ್ರ ಪರೀಕ್ಷೆಯ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದೆ.

ತೆಗೆದ ಅಂಗಾಂಶ ಹಾಳಾಗುವುದು ದೊಡ್ಡ ಊರಿಗೆ ತಲುಪುವ ಮೊದಲೇ. ಸಲೈನ್‌ನಲ್ಲಿ, ಸ್ಪಿರಿಟ್‌ನಲ್ಲಿ, ನೀರು ಬೆರೆಸದ ಗಟ್ಟಿ ಫಾರ್ಮಲಿನ್‌ನಲ್ಲಿ ಹಾಕಿದ ತುಂಡಿನ ಮೇಲೆ ಮುಂದಿನ ಪರೀಕ್ಷೆಗಳು ನಡೆಯುವುದಿಲ್ಲ. ಬೇಕಿರುವುದು ಶೇ 10ರ ಬಫರ್ಡ್ ಫಾರ್ಮಲಿನ್, ತುಂಡಿನ ಗಾತ್ರದ ಹತ್ತು ಪಟ್ಟು. ಹಾಕಿದ ಹೊತ್ತು ಬಾಟಲಿಯ ಮೇಲೆ ಬರೆಯಿರಿ. ಕನಿಷ್ಠ 6 ಗಂಟೆ, 72 ಗಂಟೆ ಮೀರದಂತೆ. ಇಷ್ಟು ಕಟ್ಟುನಿಟ್ಟು ಏಕೆಂದರೆ ಈಗ ‘ಕ್ಯಾನ್ಸರ್ ಇದೆ’ ಎಂಬ ಉತ್ತರ ಸಾಲದು. ಶ್ವಾಸಕೋಶದ್ದಾದರೆ ಔಷಧ ಆರಿಸಲು ನೆರವಾಗುವ ಜೀನ್‌ಗಳಾದ ಇಜಿಎಫ್‌ಆರ್, ಎಎಲ್‌ಕೆ ನೋಡಬೇಕು. ಅವು ಪಾಸಿಟಿವ್ ಬಂದರೆ ಮಿದುಳಿಗೂ ಇಳಿಯುವ ಮಾತ್ರೆಗಳಿವೆ. ಸ್ತನದ್ದಾದರೆ ಹರ್-2 ಮತ್ತೆ ನೋಡಬೇಕು, ಮೊದಲ ಗಡ್ಡೆಯಲ್ಲಿ ಇದ್ದಂತೆಯೇ ಮಿದುಳಿನದರಲ್ಲೂ ಇರುತ್ತದೆ ಎಂದೇನಿಲ್ಲ.

ಔಷಧದ ಬಗ್ಗೆ ಎರಡೇ ಮಾತು. ಬಾವು ಹೆಚ್ಚಿ ಮಂಪರು ಬರುತ್ತಿದ್ದರೆ ಡೆಕ್ಸಾ ದಿನಕ್ಕೆ 16 ಮಿ.ಗ್ರಾಂ., ಸೌಮ್ಯ ಲಕ್ಷಣಕ್ಕೆ 4ರಿಂದ 8 ಸಾಕು. ಸಕ್ಕರೆ ನೋಡುತ್ತಿರಬೇಕು, ಎರಡನೇ ಡೋಸ್ ಮಧ್ಯಾಹ್ನದೊಳಗೆ ಮುಗಿಯಬೇಕು, ಇಲ್ಲದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಶುರುವಾದ ದಿನವನ್ನೂ ಪ್ರಮಾಣವನ್ನೂ ಚೀಟಿಯಲ್ಲಿ ಬರೆಯದೆ ಕಳಿಸಬೇಡಿ. ಲಿಂಫೋಮಾದ (ಬಿಳಿ ರಕ್ತಕಣದ ಒಂದು ಕ್ಯಾನ್ಸರ್) ಅನುಮಾನವಿದ್ದು ರೋಗಿ ಸ್ಥಿರವಾಗಿದ್ದರೆ ಬಯಾಪ್ಸಿಯ ತನಕ ತಡೆಯಿರಿ, ಡೆಕ್ಸಾದಿಂದ ಅದು ಕರಗಿ ರೋಗ ಪತ್ತೆಯೇ ತಪ್ಪುತ್ತದೆ. ಫಿಟ್ಸ್ ಬಂದವರಿಗೆ ಲೆವೆಟಿರಾಸೆಟಮ್ 500 ಮಿ.ಗ್ರಾಂ. ದಿನಕ್ಕೆರಡು ಬಾರಿ ಕೊಡಿ, ಫಿನಿಟಾಯಿನ್ ಬೇಡ, ಅದು ಡೆಕ್ಸಾವನ್ನೂ ಕೆಲವು ಕ್ಯಾನ್ಸರ್ ಮಾತ್ರೆಗಳನ್ನೂ ದುರ್ಬಲ ಮಾಡುತ್ತದೆ. ಫಿಟ್ಸ್ ಬಾರದವರಿಗೆ ಮುಂಜಾಗ್ರತೆ ಎಂದು ಕೊಡಬೇಕಿಲ್ಲ. ಸ್ಕ್ಯಾನ್ ಆಗುವ ಮೊದಲು ಬೆನ್ನುನೀರು ಮಾತ್ರ ತೆಗೆಯಬೇಡಿ. ತಲೆಯೊಳಗೆ ಒತ್ತಡವಿದ್ದಾಗ ಕೆಳಗಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಾರುತ್ತದೆ.

ಬಳ್ಳಾರಿಯಿಂದ ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್‌ಗೆ ಸುಮಾರು 300 ಕಿ.ಮೀ. ಕೊಪ್ಪಳದವರು ಹುಬ್ಬಳ್ಳಿಗೂ ರಾಯಚೂರಿನವರು ಕಲಬುರಗಿಗೋ ಹೈದರಾಬಾದಿಗೋ ಹೋಗುತ್ತಾರೆ. ದೇವದುರ್ಗದಿಂದ, ಕುಷ್ಟಗಿಯಿಂದ, ಸಿರುಗುಪ್ಪದಿಂದ ಹೊರಟವರ ಕೈಯಲ್ಲಿ ಇರುವುದು ಸುತ್ತಿದ ಫಿಲ್ಮ್. ಅದರಲ್ಲಿರುವುದು ಆಯ್ದ ಹತ್ತಿಪ್ಪತ್ತು ಸಣ್ಣ ಚೌಕಗಳು, ಮೂರು ಮಿ.ಮೀ. ಗಡ್ಡೆಯನ್ನು ಅದರಲ್ಲಿ ಅಳೆಯಲಾಗದು, ರೇಡಿಯೇಷನ್ ಯೋಜನೆಯನ್ನೂ ಅದರ ಮೇಲೆ ಮಾಡಲಾಗದು. ಅಲ್ಲಿ ಮತ್ತೆ ಸ್ಕ್ಯಾನ್, ಮತ್ತೆ ಸರದಿ. ಪೂರ್ತಿ ಡೈಕಾಮ್ ಚಿತ್ರಗಳನ್ನು (ಯಂತ್ರದ ಮೂಲ ಡಿಜಿಟಲ್ ಕಡತಗಳನ್ನು) ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ರೋಗಿಗೆ ಕೊಡಬೇಕು ಎಂದು ಸುತ್ತೋಲೆ ಹೊರಡಿಸಿ. ಬಯಾಪ್ಸಿಯ ಸ್ಲೈಡ್, ಮೇಣದ ಬ್ಲಾಕ್ ಕೇಳಿದವರಿಗೆ ಅಂದೇ ಸಿಗಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಪತ್ರದಲ್ಲಿ ‘ಲಕ್ವಾ’ ಎಂದಿದ್ದರೆ ಹೊಸ ಊರಿನಲ್ಲಿ ತಪ್ಪು ವಿಭಾಗದ ಮುಂದೆ ಕೂರಿಸುತ್ತಾರೆ. ‘ಮಿದುಳಿಗೆ ಹಬ್ಬಿದ ಕ್ಯಾನ್ಸರ್ ಅನುಮಾನ’ ಎಂದು ಸ್ಪಷ್ಟವಾಗಿ ಬರೆಯಿರಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿ ಪೂರ್ತಿ ಉಚಿತ, ಜೊತೆಗಾರರಿಗೆ ಶೇ 75 ರಿಯಾಯಿತಿ ಇದೆ. ನಿಗದಿತ ನಮೂನೆಗೆ ವೈದ್ಯರ ಸಹಿ, ಮೊಹರು ಬೇಕು. ಆ ನಮೂನೆಯ ಪ್ರತಿಗಳು ವಾರ್ಡಿನಲ್ಲೇ ಇದ್ದರೆ ಹಂಪಿ ಎಕ್ಸ್‌ಪ್ರೆಸ್ ಹತ್ತುವವರಿಗೆ ಎಷ್ಟೋ ಹಗುರ. ಆದರೆ ಕಿರುಮಿದುಳಿನ ಗಡ್ಡೆಯಿಂದ ಮಂಪರು ಬರುತ್ತಿರುವವರನ್ನು, ಒಂದು ಕಣ್ಣಿನ ಪಾಪೆ ದೊಡ್ಡದಾದವರನ್ನು ರೈಲಿಗೂ ರಾತ್ರಿ ಬಸ್ಸಿಗೂ ಹತ್ತಿಸುವಂತಿಲ್ಲ. ಅವರಿಗೆ ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಹಾಕಿ, ತಲೆಯನ್ನು 30 ಡಿಗ್ರಿ ಎತ್ತಿ, ಆಂಬುಲೆನ್ಸ್‌ನಲ್ಲೇ ಕಳಿಸಬೇಕು.

ನಾವು ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಡ. 371ಜೆ ವಿಧಿಯಡಿ ಈ ಭಾಗಕ್ಕೆ ಬರುವ ಅಭಿವೃದ್ಧಿ ಹಣದಲ್ಲಿ ಯಂತ್ರಗಳ ಜೊತೆಗೆ ಕಾಂಟ್ರಾಸ್ಟ್ ಬಾಟಲಿ, ಫಾರ್ಮಲಿನ್, ಟ್ರೂನಾಟ್ ಚಿಪ್, ಖಾಲಿ ಸಿ.ಡಿ.ಗಳಿಗೂ ವರ್ಷವರ್ಷ ಒಂದು ಬಾಬ್ತು ಇರಲಿ. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಬಗ್ಗೆ ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ಕೊಡುವ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ 2022ರಿಂದ ನಡೆಯುತ್ತಿದೆ. ಅದೇ ತರಬೇತಿಯಲ್ಲಿ ಒಂದು ಗಂಟೆ ಈ ವಿಷಯಕ್ಕೆ ಮೀಸಲಿಡಿ. ಪಾಠ ಮಾಡಲು ನಾವು ಬರುತ್ತೇವೆ.

ಮಿದುಳಿಗೆ ಹೋಯಿತೆಂದರೆ ಮುಗಿಯಿತು, ಇಷ್ಟೆಲ್ಲ ಪತ್ತೆ ಮಾಡಿ ಏನು ಬಂತು ಎಂದು ಕೇಳುವವರು ಇಲಾಖೆಯಲ್ಲೂ ಇದ್ದಾರು. ಒಂದೆರಡು ಗಡ್ಡೆಯಿದ್ದರೆ ಆಪರೇಷನ್ ಅಥವಾ ಗುರಿಯಿಟ್ಟು ಕೊಡುವ ರೇಡಿಯೇಷನ್ ಇದೆ. ಹಲವಿದ್ದರೆ ತಲೆಗೆ ಹತ್ತು ಸರದಿಯಲ್ಲಿ 30 ಗ್ರೇ (ರೇಡಿಯೇಷನ್ ಅಳತೆ) ಕೊಡುವ ಚಿಕಿತ್ಸೆ ಇದೆ. ಏನೂ ಆಗದ ಹಂತದಲ್ಲೂ ತಲೆನೋವಿಲ್ಲದೆ, ಫಿಟ್ಸ್ ಇಲ್ಲದೆ, ಮಕ್ಕಳ ಹೆಸರು ಹಿಡಿದು ಕರೆಯುತ್ತಾ ಕಳೆಯುವ ತಿಂಗಳುಗಳಿವೆ.

ಚೀಟಿಯಲ್ಲಿ ಅಚ್ಚಾಗಬೇಕಾದ ಪ್ರಶ್ನೆಯ ಕರಡನ್ನು ಮೇಲೆ ಬರೆದಿದ್ದೇವೆ. ಮುದ್ರಣಕ್ಕೆ ಕೊಡುವ ಮುನ್ನ ಅದನ್ನು ಸಂಡೂರು, ಮಾನ್ವಿ, ಯಲಬುರ್ಗಾದ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಓದಿಸಿ. ಅವರ ಊರಲ್ಲಿ ‘ಗಡ್ಡಿ’ಗೆ, ‘ಕರೆಂಟ್‌’ಗೆ ಬೇರೆ ಮಾತಿದ್ದರೆ ಅಲ್ಲಿಯ ಚೀಟಿಯಲ್ಲಿ ಆ ಮಾತೇ ಇರಲಿ.

ಇತಿ,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಕ್ಯಾನ್ಸರ್ ಮತ್ತು ಮಿದುಳಿನ ರೋಗಿಗಳನ್ನು ನೋಡುವ ಕೆಲವು ವೈದ್ಯರು, ನರ್ಸ್‌ಗಳು, ಸ್ಕ್ಯಾನಿಂಗ್ ತಂತ್ರಜ್ಞರು